ಸಾಲದ ಕಾಗದದಿಂದ ಸಂಘದ ಪಾಸ್‌ಬುಕ್ಕಿನವರೆಗೆ



ನಮ್ಮ ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಸಂತೋಷದ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ "ಮಾಸ್ತರ್ರೇ, ಸಹಕಾರದ ಇತಿಹಾಸದ ಮೇಲೆ ನೀವೊಂದು ಲೇಖನ ಬರೀಬೇಕು" ಎಂದು ಆಡಳಿತ ಮಂಡಳಿಯವರು ಕೇಳಿದರು. ಆಗಲಿ ಅಂದೆ. ಆದರೆ ಇತಿಹಾಸ ಎಂದ ಕೂಡಲೇ ನನಗೆ ನೆನಪಾಗುವುದು ಪುಸ್ತಕವಲ್ಲ, ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿರುವ ಒಂದು ಕಾಗದ. ನಮ್ಮಜ್ಜ ಹೆಬ್ಬೆಟ್ಟು ಒತ್ತಿಕೊಟ್ಟ ಸಾಲದ ಕಾಗದ ಅದು. ಮಸಿ ಮಾಸಿ ಹೋಗಿದೆ, ಮಡಿಕೆಯ ಜಾಗದಲ್ಲಿ ಹರಿದಿದೆ. ಆದರೆ ಹೆಬ್ಬೆಟ್ಟಿನ ಗುರುತು ಇನ್ನೂ ಇದೆ. ಆ ಸಾಲದಲ್ಲಿ ಮೊದಲು ಅಜ್ಜಿಯ ಕೊರಳಿನ ಬೋರಮಾಳ ಹೋಯಿತು, ಆಮೇಲೆ ಒಂದು ಜೋಡಿ ಎತ್ತು ಹೋದವು. ಸಾಲ ಮಾತ್ರ ಹೋಗಲಿಲ್ಲ. ಅದು ನಮ್ಮಪ್ಪನ ಹೆಗಲಿಗೆ ಬಂತು.

ಈಗಿನ ಹುಡುಗರಿಗೆ ಇದು ಕಥೆ ಅನ್ನಿಸಬಹುದು. ಆದ್ದರಿಂದ ಮೊದಲು ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ರೂಪಾಯಿಗೆ ತಿಂಗಳಿಗೆ ಒಂದಾಣೆ ಬಡ್ಡಿ ಅಂದರೆ ಕೇಳಲಿಕ್ಕೆ ಏನೂ ಅನ್ನಿಸುವುದಿಲ್ಲ. ಒಂದಾಣೆ ಏನು ಮಹಾ! ಆದರೆ ಹದಿನಾರು ಆಣೆಗೆ ಒಂದು ರೂಪಾಯಿ. ಹನ್ನೆರಡು ತಿಂಗಳಿಗೆ ಹನ್ನೆರಡು ಆಣೆ. ಅಂದರೆ ವರ್ಷಕ್ಕೆ ನೂರಕ್ಕೆ 75 ರೂಪಾಯಿ ಬಡ್ಡಿ. ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಕೂಡಿಸಿ ಹೊಸ ಕಾಗದ ಬರೆಸಿಕೊಂಡರೆ ನೂರು ರೂಪಾಯಿ ಮೊದಲ ವರ್ಷ 175, ಎರಡನೆಯ ವರ್ಷ 306, ಮೂರನೆಯ ವರ್ಷ 536 ಆಗುತ್ತದೆ. ಮೂರು ವರ್ಷ ಮಳೆ ಕೈಕೊಟ್ಟರೆ ಸಾಕು, ನೂರರ ಸಾಲಗಾರ ಐದು ನೂರರ ಸಾಲಗಾರ. ಇಂಥ ಲೆಕ್ಕ ಇಡೀ ನಾಡಿನ ರೈತನ ಕೊರಳಿಗೆ ಹೇಗೆ ಬಿತ್ತು, ಅದನ್ನು ಬಿಡಿಸಲಿಕ್ಕೆ ಸಹಕಾರ ಎಂಬ ಮಾರ್ಗ ಹೇಗೆ ಹುಟ್ಟಿತು, ಆ ಮಾರ್ಗದಲ್ಲಿ ಯಾರು ಮುಂದೆ ಹೋದರು, ಯಾರು ಹಿಂದೆ ಉಳಿದರು ಎಂಬುದೇ ಈ ಲೇಖನದ ವಿಷಯ.

ಸೂಪೆಯ ಸಂತೆಯಲ್ಲಿ ಸುಟ್ಟ ದಫ್ತರ

1875ರ ಮೇ 12ರಂದು, ಪುಣೆ ಜಿಲ್ಲೆಯ ಸೂಪೆ ಎಂಬ ಸಂತೆಯೂರಿನಲ್ಲಿ ಸುತ್ತಲಿನ ಹಳ್ಳಿಗಳ ರೈತರು ಒಟ್ಟುಗೂಡಿದರು. ಸಾಹುಕಾರರ ಅಂಗಡಿಗಳ ಮೇಲೆ ಬಿದ್ದರು. ಅವರು ಕೇಳಿದ್ದು ಹಣವನ್ನಲ್ಲ, ಜೀವವನ್ನೂ ಅಲ್ಲ. ಕೇಳಿದ್ದು ಲೆಕ್ಕದ ದಫ್ತರ ಮತ್ತು ಸಾಲದ ಕಾಗದಗಳನ್ನು. ಅವನ್ನು ತಂದು ಬೀದಿಯಲ್ಲಿ ಹಾಕಿ ಬೆಂಕಿ ಇಟ್ಟರು. ಗಲಭೆ ಅಹಮದ್‌ನಗರ ಜಿಲ್ಲೆಗೂ ಹಬ್ಬಿತು, ಮೂವತ್ತಕ್ಕೂ ಹೆಚ್ಚು ಊರುಗಳಲ್ಲಿ ಹೀಗಾಯಿತು. ಇತಿಹಾಸದಲ್ಲಿ ಇದನ್ನು ದಖ್ಖನ್ ದಂಗೆ ಎನ್ನುತ್ತಾರೆ.

ರೈತರು ಯಾಕೆ ಇಷ್ಟು ಸಿಟ್ಟಿಗೆದ್ದರು? ಸಾಹುಕಾರನ ದುರಾಸೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆದರೆ ಅದು ಅರ್ಧ ಸತ್ಯ. ಉಳಿದರ್ಧ ಸರ್ಕಾರದ ನೀತಿಯಲ್ಲಿದೆ. ಬ್ರಿಟಿಷ್ ಸರ್ಕಾರಕ್ಕೆ ಕಂದಾಯ ರೊಕ್ಕದ ರೂಪದಲ್ಲೇ ಆಗಬೇಕಿತ್ತು. ಬೆಳೆ ಬರಲಿ ಬಿಡಲಿ, ಕಂತು ತಪ್ಪುವಂತಿರಲಿಲ್ಲ. ರೊಕ್ಕ ಇದ್ದದ್ದು ಸಾಹುಕಾರನ ಹತ್ತಿರ. ಹೀಗಾಗಿ ಕಂದಾಯದ ದಾರಿ ಸಾಹುಕಾರನ ಅಂಗಡಿಯ ಮೂಲಕವೇ ಹೋಗುತ್ತಿತ್ತು.

ಇದರ ನಡುವೆ 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಬರುವ ಹತ್ತಿ ನಿಂತುಹೋಯಿತು. ಹಿಂದೂಸ್ಥಾನದ ಹತ್ತಿಗೆ ಬಂಗಾರದ ಬೆಲೆ ಬಂತು. ನಮ್ಮ ಧಾರವಾಡ ಸೀಮೆಯ ಎರೆಭೂಮಿಯಲ್ಲೂ ಅಮೆರಿಕನ್ ತಳಿಯ ಹತ್ತಿ ಬೆಳೆದು ಗಾಡಿಗಳಲ್ಲಿ ಹೇರಿ ಘಟ್ಟ ಇಳಿಸಿ ಕುಮಟಾ ಬಂದರಕ್ಕೆ ಸಾಗಿಸುತ್ತಿದ್ದರು. ಸಾಹುಕಾರರು ಕೇಳಿದವರಿಗೆ ಕೇಳಿದಷ್ಟು ಸಾಲ ಕೊಟ್ಟರು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಇಳಿಯಿತು. ಸಾಲ ಇಳಿಯಲಿಲ್ಲ. ಅದೇ ಹೊತ್ತಿಗೆ ಸರ್ಕಾರ ಹೊಸ ಕಂದಾಯ ಪೈಸಲಾತಿ ಮಾಡಿ ತೆರಿಗೆ ಏರಿಸಿತು. ಬೆಲೆ ಇಳಿದಾಗ ತೆರಿಗೆ ಏರಿದರೆ ರೈತ ಎಲ್ಲಿಗೆ ಹೋಗಬೇಕು?

ಕಾನೂನು ಕೂಡ ರೈತನಿಗೆ ತಿರುಗಿಬಿತ್ತು. ಸಾಲದ ಕಾಗದಕ್ಕೆ ಮೂರು ವರ್ಷವಷ್ಟೇ ಬೆಲೆ ಎಂದು 1859ರಲ್ಲಿ ಒಂದು ಕಾಯಿದೆ ಬಂತು. ಬಡ್ಡಿ ಬೆಳೆಯದಿರಲಿ ಎಂಬುದು ಅದರ ಉದ್ದೇಶ. ಆದದ್ದು ಉಲ್ಟಾ. ಮೂರು ವರ್ಷ ತುಂಬುವ ಮೊದಲು ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ರೂಢಿಯಾಯಿತು. ಬಡ್ಡಿ ಎಂದಿಗೂ ಅಸಲನ್ನು ಮೀರಬಾರದೆಂಬ ದಾಮದುಪ್ಪಟ್ಟಿನ ಹಳೆಯ ಕಟ್ಟಳೆ ಮೂಲೆಗೆ ಬಿತ್ತು. ದಂಗೆಯ ವಿಚಾರಣೆ ನಡೆಸಿದ ಆಯೋಗಕ್ಕೆ ಕಂಡ ಒಂದು ಪ್ರಕರಣದಲ್ಲಿ ನೂರು ರೂಪಾಯಿ ಸಾಲಕ್ಕೆ ಎರಡು ಸಾವಿರಕ್ಕೂ ಮಿಕ್ಕಿ ಬಡ್ಡಿ ಹಾಕಲಾಗಿತ್ತು. ದಂಗೆಯ ಮರುವರ್ಷವೇ ಮಹಾ ಬರ ಬಂತು. ಮೈಸೂರು ಸೀಮೆಯಲ್ಲಿ ಧಾತು ಈಶ್ವರ ಬರ ಎಂದು ಹಿರಿಯರು ಕರೆಯುತ್ತಿದ್ದ 1876-78ರ ಬರ ಅದೇ. ಆ ಸೀಮೆಯೊಂದರಲ್ಲೇ ಐದರಲ್ಲಿ ಒಂದು ಪಾಲಿನಷ್ಟು ಜನ ಕಡಿಮೆಯಾದರು.

ಸರ್ಕಾರಕ್ಕೆ ಎಚ್ಚರವಾಯಿತು. 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯಿದೆ ಬಂತು. ಸಾಲಕ್ಕಾಗಿ ರೈತನನ್ನು ಜೈಲಿಗೆ ಹಾಕುವುದು ನಿಂತಿತು. ಕೋರ್ಟಿನವರು ಬರೀ ಕಾಗದ ನೋಡದೆ ಹಿಂದಿನ ಲೆಕ್ಕವನ್ನೆಲ್ಲ ಕೆದಕಿ ನ್ಯಾಯವಾದ ಬಡ್ಡಿ ಎಷ್ಟೆಂದು ಹೇಳಬಹುದಾಯಿತು. ಒಳ್ಳೆಯದೇ. ಆದರೆ ಒಂದು ಮಾತು ನೆನಪಿಡಬೇಕು. ಸಾಹುಕಾರನ ಕೈ ಕಟ್ಟಿದರೆ ಹಳೆಯ ಸಾಲದ ನೋವು ಕಡಿಮೆಯಾದೀತು. ಬಿತ್ತನೆಗೆ ಹೊಸ ಸಾಲ ಯಾರು ಕೊಡಬೇಕು? ಸರ್ಕಾರ ತಗಾವಿ ಸಾಲದ ಕಾಯಿದೆಗಳನ್ನು 1883 ಮತ್ತು 1884ರಲ್ಲಿ ತಂದಿತು. ವೆಡ್ಡರ್ಬರ್ನ್ ಎಂಬ ಅಧಿಕಾರಿ ಮತ್ತು ನ್ಯಾಯಮೂರ್ತಿ ರಾನಡೆಯವರಂಥವರು ರೈತರಿಗೊಂದು ಬ್ಯಾಂಕು ಬೇಕೆಂದು ಯೋಜನೆ ಹಾಕಿದರೆ ಲಂಡನ್ನಿನಲ್ಲಿ ಕುಳಿತವರು ಒಪ್ಪಲಿಲ್ಲ.

ಕಣಗಿನಹಾಳದಲ್ಲಿ ಹಚ್ಚಿದ ದೀಪ

ದಾರಿ ಕಂಡದ್ದು ದೂರದ ಜರ್ಮನಿಯಲ್ಲಿ. ಅಲ್ಲಿ ರೈಫೀಸನ್ ಎಂಬೊಬ್ಬ ಊರ ಮುಖ್ಯಸ್ಥ. 1846-47ರ ಬರಗಾಲದಲ್ಲಿ ಬಡವರಿಗೆ ಧಾನ್ಯ ಹಂಚಿದ. ಹಂಚಿದ ಮೇಲೆ ಅವನಿಗೆ ಅರ್ಥವಾಯಿತು, ದಾನ ಒಂದು ದಿನಕ್ಕೆ, ಸಾಲಕ್ಕೊಂದು ವ್ಯವಸ್ಥೆ ಬೇಕು ಎಂದು. 1860ರ ದಶಕದಲ್ಲಿ ಊರಿನವರೇ ಕೂಡಿ ಕಟ್ಟಿದ ಪತ್ತಿನ ಸಂಘಗಳನ್ನು ಅವನು ಶುರುಮಾಡಿದ. ಒಬ್ಬೊಬ್ಬ ರೈತನನ್ನು ಯಾರೂ ನಂಬುವುದಿಲ್ಲ, ಐವತ್ತು ರೈತರು ಒಬ್ಬರಿಗೊಬ್ಬರು ಜಾಮೀನು ನಿಂತರೆ ಯಾರಾದರೂ ನಂಬುತ್ತಾರೆ. ಇಷ್ಟೇ ಗುಟ್ಟು. ಇದಕ್ಕಿಂತ ಮೊದಲೇ, 1844ರಲ್ಲಿ, ಇಂಗ್ಲೆಂಡಿನ ರಾಚ್‌ಡೇಲ್ ಎಂಬಲ್ಲಿ ನೇಕಾರರೇ ಮೊದಲಾದ 28 ಜನ ಕೂಡಿ ಕಲಬೆರಕೆಯಿಲ್ಲದ ಹಿಟ್ಟು, ಬೆಣ್ಣೆ, ಸಕ್ಕರೆ ಮಾರುವ ಅಂಗಡಿ ತೆಗೆದಿದ್ದರು. ಮದರಾಸು ಸರ್ಕಾರದ ಅಧಿಕಾರಿ ನಿಕಲ್ಸನ್ ಯುರೋಪಿನ ಇಂಥ ಸಂಘಗಳನ್ನು ಅಭ್ಯಾಸ ಮಾಡಿ 1895ರಲ್ಲಿ ವರದಿ ಕೊಟ್ಟ. ನಮ್ಮ ದೇಶಕ್ಕೂ ಒಬ್ಬ ರೈಫೀಸನ್ ಬೇಕು ಎಂಬುದು ಅವನ ವರದಿಯ ಸಾರ.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಹತ್ತು ಜನ ಕೂಡಿದರೆ ಸಂಘ. ಮರುವರ್ಷವೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಕನ್ನಡ ನಾಡಿನ ಮೊದಲ ಸಹಕಾರಿ ಸಂಘ ಅದು, ಇಡೀ ದೇಶದ ಮೊಟ್ಟಮೊದಲ ಸಂಘಗಳ ಸಾಲಿನಲ್ಲಿ ನಿಲ್ಲುವಂಥದು. ಗದಗ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಪಾಟೀಲರು ದೊಡ್ಡ ಪದವಿ ಪಡೆದವರಲ್ಲ, ಪಟ್ಟಣದ ವಕೀಲರಲ್ಲ. ಹಳ್ಳಿಯ ಗೌಡರು. ಸಾಲದ ಕಷ್ಟವನ್ನು ಕಣ್ಣಾರೆ ಕಂಡವರು. ಅದೇ 1905ರಲ್ಲಿ ಮೈಸೂರು ಸಂಸ್ಥಾನದಲ್ಲೂ ಸಹಕಾರಿ ಕಾಯಿದೆ ಜಾರಿಗೆ ಬಂತು. ದಕ್ಷಿಣ ಕನ್ನಡದಲ್ಲಿ ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಂಘ ಕಟ್ಟಿದರು. "ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ" ಎಂಬ ನಮ್ಮವರ ಗಾದೆಗೆ ಕಾಯಿದೆಯ ಬಲ ಬಂದಂತಾಯಿತು.

ಜಾಮೀನಿನ ಎರಡು ಮುಖ

ಇಲ್ಲಿಯವರೆಗಿನದು ಅಭಿಮಾನದ ಕಥೆ. ಬೆಳ್ಳಿ ಹಬ್ಬದ ದಿನ ಇಷ್ಟಕ್ಕೇ ನಿಲ್ಲಿಸಿ ಜಯಕಾರ ಹಾಕಬಹುದಿತ್ತು. ಆದರೆ ನಮ್ಮಜ್ಜನ ಕಾಗದ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಕಣಗಿನಹಾಳದ ಸಂಘ ಹುಟ್ಟಿ ಮೂವತ್ತು ವರ್ಷವಾದ ಮೇಲೂ, ನಮ್ಮ ಸೀಮೆಯ ದೊಡ್ಡ ಊರುಗಳಲ್ಲಿ ಸಂಘಗಳು ಇದ್ದಾಗಲೂ, ನಮ್ಮಜ್ಜ ಯಾಕೆ ಸಾಹುಕಾರನ ಕಟ್ಟೆಗೇ ಹೋದ?

ಉತ್ತರ ಸರಳ. ಅವನು ಲಾವಣಿದಾರ. ಹೊಲ ಅವನದಲ್ಲ. ಆಗಿನ ಹಳ್ಳಿಯ ಸಂಘಗಳಲ್ಲಿ ಅಪರಿಮಿತ ಹೊಣೆ ಎಂಬ ನಿಯಮವಿತ್ತು. ಒಬ್ಬ ಸಾಲ ಮುಳುಗಿಸಿದರೆ ಉಳಿದವರ ಹೊಲಮನೆಗೂ ಅದರ ಬಿಸಿ ತಾಗಬಹುದು. ಇದರಿಂದ ಒಳ್ಳೆಯದೂ ಆಯಿತು, ಪ್ರತಿಯೊಬ್ಬರೂ ಇನ್ನೊಬ್ಬರ ಮೇಲೆ ಕಣ್ಣಿಡುತ್ತಿದ್ದರು, ಬಿತ್ತನೆಗೆ ತಂದ ರೊಕ್ಕ ಮದುವೆಗೆ ಹಾರಿಹೋಗುತ್ತಿರಲಿಲ್ಲ. ಆದರೆ ಏನೂ ಇಲ್ಲದವನನ್ನು ಒಳಗೆ ಬಿಟ್ಟುಕೊಳ್ಳಲು ಯಾರಿಗೂ ಧೈರ್ಯ ಬರಲಿಲ್ಲ. ಅವನ ಸಾಲಕ್ಕೆ ನಾವು ಸಿಕ್ಕೇವು, ನಮ್ಮ ಸಾಲಕ್ಕೆ ಅವನೇನು ಕೊಟ್ಟಾನು? ಹೀಗೆ ಬಡವನಿಗಾಗಿ ಹುಟ್ಟಿದ ಜಾಮೀನು ಕಡುಬಡವನನ್ನು ಬಾಗಿಲ ಹೊರಗೆ ನಿಲ್ಲಿಸಿತು. 1929ರ ನಂತರದ ಜಾಗತಿಕ ಮುಗ್ಗಟ್ಟಿನಲ್ಲಿ ಹತ್ತಿ, ಜೋಳದ ಬೆಲೆ ಪಾತಾಳಕ್ಕೆ ಇಳಿದಾಗ ಸಂಘಗಳ ಬಾಕಿಯೂ ಬೆಳೆಯಿತು. ಬಾಗಿಲು ಇನ್ನಷ್ಟು ಬಿಗಿಯಾಯಿತು. ನಮ್ಮಜ್ಜನ ಹೆಬ್ಬೆಟ್ಟು ಆ ಕಾಲದ್ದು.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಸ್ವಾತಂತ್ರ್ಯ ಬಂದ ಮೇಲೆ 1951-52ರಲ್ಲಿ ರಿಸರ್ವ್ ಬ್ಯಾಂಕಿನವರು ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆ ಮಾಡಿಸಿದರು. ಗೋರವಾಲಾ ಸಮಿತಿಯ ವರದಿ 1954ರಲ್ಲಿ ಹೊರಬಂತು. ರೈತರು ಪಡೆದ ಪ್ರತಿ ನೂರು ರೂಪಾಯಿ ಸಾಲದಲ್ಲಿ ಲೇವಾದೇವಿಗಾರರಿಂದ ಬಂದದ್ದು ಸುಮಾರು 70 ರೂಪಾಯಿ. ಸರ್ಕಾರದಿಂದ ಬಂದದ್ದು 3 ರೂಪಾಯಿ 30 ಪೈಸೆಯಷ್ಟು, ಬ್ಯಾಂಕುಗಳಿಂದ ಒಂದು ರೂಪಾಯಿಯೂ ಇಲ್ಲ. ಸಹಕಾರಿ ಸಂಘಗಳಿಂದ? 3 ರೂಪಾಯಿ 10 ಪೈಸೆಯಷ್ಟು. ಅರ್ಧ ಶತಮಾನದ ಸಹಕಾರದ ಫಲ ಇಷ್ಟು. ಆ ಮೂರು ರೂಪಾಯಿಯಲ್ಲೂ ಹೆಚ್ಚಿನ ಪಾಲು ದೊಡ್ಡ ಹಿಡುವಳಿದಾರರಿಗೇ ಹೋಗುತ್ತಿತ್ತು ಎಂಬುದನ್ನೂ ವರದಿ ಮುಚ್ಚಿಡಲಿಲ್ಲ. ಆದರೂ ಸಮಿತಿ ಸಹಕಾರವನ್ನು ಕೈಬಿಡಿ ಎನ್ನಲಿಲ್ಲ. ಸೋತಿದ್ದರೂ ಇದನ್ನು ಗೆಲ್ಲಿಸಲೇಬೇಕು, ಸರ್ಕಾರವೂ ಪಾಲುದಾರನಾಗಲಿ, ಹೊಲದ ಬೆಲೆ ನೋಡದೆ ಬೆಳೆ ನೋಡಿ ಸಾಲ ಕೊಡಿ, ಸಾಲಕ್ಕೂ ಮಾರಾಟಕ್ಕೂ ಗಂಟು ಹಾಕಿ ಎಂದಿತು.

ನೀತಿ ಬದಲಾದಾಗ ಮನೆ ಬದಲಾಯಿತು

ಮುಂದಿನ ಮೂವತ್ತು ವರ್ಷ ನಿಜಕ್ಕೂ ಬಹಳ ಬದಲಾಯಿತು. 1959ರಲ್ಲಿ ನಮ್ಮ ರಾಜ್ಯದ ಸಹಕಾರ ಸಂಘಗಳ ಕಾಯಿದೆ ಬಂತು. 1969ರ ಜುಲೈ 19ರಂದು 14 ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣ, 1975ರಲ್ಲಿ ಗ್ರಾಮೀಣ ಬ್ಯಾಂಕುಗಳು, 1982ರಲ್ಲಿ ನಬಾರ್ಡ್.

ಆದರೆ ನಮ್ಮ ಮನೆಯ ಬಾಗಿಲು ತೆರೆದದ್ದು ಬ್ಯಾಂಕಿನಿಂದಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ. ದೇವರಾಜ ಅರಸರ ಸರ್ಕಾರ ಉಳುವವನೇ ಒಡೆಯ ಎಂದಿತು. ನಮ್ಮಪ್ಪ ನಮೂನೆ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಿದರು. ನಾಲ್ಕು ಎಕರೆ ಅವರ ಹೆಸರಿಗೆ ಆಯಿತು. 1976ರ ಋಣ ಪರಿಹಾರ ಕಾಯಿದೆಯಿಂದ ಅಜ್ಜನ ಕಾಲದ ಸಾಲವೂ ತೀರಿತು. ಅದೇ ವರ್ಷ ಜೀತ ಪದ್ಧತಿಯನ್ನು ರದ್ದು ಮಾಡುವ ಕೇಂದ್ರದ ಕಾಯಿದೆಯೂ ಬಂತು. ಆ ಕಾಗದ ವಾಪಸ್ಸು ಬಂದ ದಿನ ಅಪ್ಪ ಅದನ್ನು ಸುಡಲಿಲ್ಲ. "ಇರ್ಲಿ ಬಿಡು, ಮಕ್ಳಿಗಿ ಗೊತ್ತಾಗ್ಲಿ" ಅಂದು ಟ್ರಂಕಿನಲ್ಲಿಟ್ಟರು. ಮರುವರ್ಷ ಪಕ್ಕದ ಊರಿನ ಸಂಘದಲ್ಲಿ ಷೇರು ಹಾಕಿ ಸದಸ್ಯರಾದರು. ಉತಾರದಲ್ಲಿ ಹೆಸರು ಬಂದ ಮೇಲೆ ಸಂಘದ ಬಾಗಿಲು ತಾನಾಗಿ ತೆರೆಯಿತು.

ಇಲ್ಲೊಂದು ಪಾಠವಿದೆ. ಸಹಕಾರ ಒಂದೇ ಬಡವನನ್ನು ಮೇಲೆತ್ತಲಿಲ್ಲ. ಭೂಮಿ ಹಂಚಿಕೆ, ಋಣ ಪರಿಹಾರ, ಸಹಕಾರ ಈ ಮೂರೂ ಒಂದೇ ಕಾಲಕ್ಕೆ ಕೂಡಿದಾಗ ನಮ್ಮಂಥ ಮನೆ ಎದ್ದು ನಿಂತಿತು. ದೇಶದ ಮಟ್ಟದಲ್ಲೂ ಅಷ್ಟೇ. 1981ರ ಹೊತ್ತಿಗೆ ಹಳ್ಳಿಗರ ಸಾಲದಲ್ಲಿ ನೂರಕ್ಕೆ 60ಕ್ಕೂ ಮಿಕ್ಕಿ ಪಾಲು ಬ್ಯಾಂಕು ಮತ್ತು ಸಂಘಗಳದಾಗಿತ್ತು. ಹಾಲಿನ ಸಂಘಗಳನ್ನು ಇಲ್ಲಿ ನೆನೆಯಲೇಬೇಕು. 1946ರಲ್ಲಿ ಗುಜರಾತಿನ ಆನಂದದಲ್ಲಿ ಶುರುವಾದ ಆ ಮಾದರಿ 1970ರ ದಶಕದಲ್ಲಿ ನಮ್ಮ ರಾಜ್ಯಕ್ಕೂ ಬಂತು. ಹಾಲಿನ ಸಂಘ ಉತಾರ ಕೇಳಲಿಲ್ಲ, ಎಮ್ಮೆ ಕೇಳಿತು. ಒಂದು ಗುಂಟೆಯೂ ಇಲ್ಲದ ಹೆಣ್ಣುಮಗಳು ಎರಡು ಲೀಟರು ಹಾಲು ಹಾಕಿ ಸದಸ್ಯಳಾದಳು.

ಉತಾರ ಇಲ್ಲದವರ ಪಾಡು

1991ರ ಹೊಸ ಆರ್ಥಿಕ ನೀತಿಯ ನಂತರ ಬ್ಯಾಂಕುಗಳಿಗೆ ಲಾಭದ ಲೆಕ್ಕ ಮುಖ್ಯವಾಯಿತು. 2002ರ ಸಮೀಕ್ಷೆಯ ಹೊತ್ತಿಗೆ ಹಳ್ಳಿಗರ ಸಾಲದಲ್ಲಿ ಸಂಸ್ಥೆಗಳ ಪಾಲು ನೂರಕ್ಕೆ 57ಕ್ಕೆ ಇಳಿದಿತ್ತು. 2019ರಲ್ಲಿ ಮತ್ತೆ 66ಕ್ಕೆ ಏರಿತು. ಅಂದರೆ ಆಗಲೂ ಮೂರರಲ್ಲಿ ಒಂದು ಪಾಲು ಹೊರಗಿನ ಬಡ್ಡಿಯೇ. ಆ ಒಂದು ಪಾಲು ಯಾರ ಮೇಲಿದೆ ಎಂದು ಕೇಳಿದರೆ ನಮ್ಮೂರಿನ ಯಾವ ಓಣಿಗೆ ಹೋದರೂ ಉತ್ತರ ಸಿಗುತ್ತದೆ.

ನಮ್ಮ ಸಂಘ ಒಳ್ಳೆಯ ಕೆಲಸ ಮಾಡಿದೆ. ಅದರಲ್ಲಿ ಎರಡು ಮಾತಿಲ್ಲ. ಬಿತ್ತನೆಯ ಕಾಲಕ್ಕೆ ಗೊಬ್ಬರ, ಬೀಜ, ಬೆಳೆ ಸಾಲ ಸಿಗುತ್ತಿದೆ. ಸರ್ಕಾರ ಬಡ್ಡಿ ಭರಿಸುವುದರಿಂದ ಒಂದು ಮಿತಿಯವರೆಗೆ ಬಡ್ಡಿಯಿಲ್ಲದ ಸಾಲವೂ ಇದೆ. 1990ರಲ್ಲಿ ಹತ್ತು ಸಾವಿರದವರೆಗೆ, 2008ರಲ್ಲಿ ಸಣ್ಣ ರೈತರ ಸಾಲ, 2017ರಲ್ಲಿ ರಾಜ್ಯದಲ್ಲಿ ಸಂಘಗಳ ಬೆಳೆ ಸಾಲ ಐವತ್ತು ಸಾವಿರದವರೆಗೆ ಮನ್ನಾ ಆಯಿತು. ಆದರೆ ಸ್ವಲ್ಪ ವಿಚಾರ ಮಾಡ್ರಿ. ಬೆಳೆ ಸಾಲ ಎಕರೆಯ ಲೆಕ್ಕದಲ್ಲಿ ಸಿಗುತ್ತದೆ. ಹತ್ತು ಎಕರೆಯವನಿಗೆ ಹೆಚ್ಚು, ಎರಡು ಎಕರೆಯವನಿಗೆ ಕಡಿಮೆ, ಎಕರೆಯೇ ಇಲ್ಲದವನಿಗೆ ಇಲ್ಲ. ಬಡ್ಡಿಯ ರಿಯಾಯಿತಿ ಸಾಲದ ಹಿಂದೆ ಹೋಗುತ್ತದೆ, ಮನ್ನಾ ಕೂಡ ಸಾಲದ ಹಿಂದೆಯೇ ಹೋಗುತ್ತದೆ. ಸಾಲವೇ ಸಿಗದವನಿಗೆ ಇವೆರಡೂ ಇಲ್ಲ. ಯಾರೂ ಕೆಟ್ಟವರಲ್ಲ, ಯಾರೂ ಮೋಸ ಮಾಡಿಲ್ಲ. ನಿಯಮವೇ ಹಾಗಿದೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸಾಗುವಳಿದಾರರು ಸುಮಾರು 11.9 ಕೋಟಿ, ಕೃಷಿ ಕೂಲಿಕಾರರು ಸುಮಾರು 14.4 ಕೋಟಿ. ಹತ್ತು ವರ್ಷ ಮೊದಲು ಸಾಗುವಳಿದಾರರೇ ಹೆಚ್ಚಿದ್ದರು. ಹೊಲದಲ್ಲಿ ದುಡಿಯುವವರಲ್ಲಿ ಹೊಲ ಇಲ್ಲದವರೇ ಹೆಚ್ಚಾಗಿದ್ದಾರೆ ಎಂದ ಮೇಲೆ ಹೊಲದ ಆಧಾರದ ಮೇಲೆ ನಿಂತ ಸಂಘ ಯಾರ ಸಂಘ?

ಈಗ ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಆಡಳಿತ ಮಂಡಳಿಯಲ್ಲಿದ್ದಾಗ ನಮ್ಮೂರಿನ ಒಬ್ಬ ಕೂಲಿ ಹೆಣ್ಣುಮಗಳು ಗಂಡನ ಆಸ್ಪತ್ರೆಯ ಖರ್ಚು ಆದ ಮೇಲೆ ಎರಡು ಆಡು ಕೊಳ್ಳಲಿಕ್ಕೆ ಸಾಲ ಕೇಳಿ ಬಂದಳು. "ಉತಾರ ಐತೇನವ್ವಾ?" ಎಂದು ಕೇಳಿದವನು ನಾನೇ. "ಉತಾರ ಇದ್ರ ಕೂಲಿಗಿ ಯಾಕ ಹೋಗ್ತಿದ್ನ್ರೀ ಮಾಸ್ತರ" ಅಂದಳು. ನಿಯಮ ಓದಿ ಹೇಳಿದೆ. ಹೋದಳು. ಹೊರಗೆ ನೂರಕ್ಕೆ ತಿಂಗಳಿಗೆ ಐದರಂತೆ ಸಾಲ ತಂದಳು. ವರ್ಷಕ್ಕೆ ಅರವತ್ತು ಬಡ್ಡಿ. ಒಂದಾಣೆ ಬಡ್ಡಿಗಿಂತ ಹದಿನೈದಷ್ಟೇ ಕಡಿಮೆ. ಎರಡು ವರ್ಷದಲ್ಲಿ ಆಡೂ ಹೋದವು, ಮನೆಯೂ ಬಿಟ್ಟು ಮಂಗಳೂರಿನ ಕಡೆ ದುಡಿಯಲು ಹೋದರು. ಆ ರಾತ್ರಿ ಟ್ರಂಕಿನ ಕಾಗದ ತೆಗೆದು ನೋಡಿದೆ. ಅಜ್ಜನನ್ನು ಹೊರಗೆ ನಿಲ್ಲಿಸಿದವರ ಜಾಗದಲ್ಲಿ ಈಗ ನಾನು ಕುಳಿತಿದ್ದೆ.

2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಬಲವಂತದಿಂದ ವಸೂಲಿ ಮಾಡಿದರೆ ಹತ್ತು ವರ್ಷದವರೆಗೆ ಸಜೆ, ಐದು ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ 1879ರ ಕಾಯಿದೆ ಓದಿದವರಿಗೆ ಅದೇ ಹಳೆಯ ಪ್ರಶ್ನೆ ಏಳುತ್ತದೆ. ಕೆಟ್ಟ ಸಾಲದ ಬಾಗಿಲು ಮುಚ್ಚಿದರೆ ಸಾಲದು, ಒಳ್ಳೆಯ ಸಾಲದ ಬಾಗಿಲು ತೆರೆಯಬೇಕು. ಆ ಬಾಗಿಲು ನಮ್ಮ ಸಂಘವಲ್ಲದೆ ಇನ್ಯಾವುದು?

ಮಾಡಬಹುದಾದ ಕೆಲಸ

ಅಸಾಧ್ಯವೇನಲ್ಲ. 1992ರಲ್ಲಿ ನಬಾರ್ಡಿನವರು ಐದು ನೂರು ಸ್ವಸಹಾಯ ಗುಂಪುಗಳಿಗೆ ಬ್ಯಾಂಕಿನ ಸಾಲ ಕೊಡಿಸುವ ಪ್ರಯೋಗ ಶುರುಮಾಡಿದರು. 2000-01ರಲ್ಲಿ, ಅಂದರೆ ನಮ್ಮ ಸಂಘ ಹುಟ್ಟಿದ ಕಾಲಕ್ಕೇ, ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಗುಂಪುಗಳು ಆರಂಭವಾದವು. ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಉಳಿಸಿ, ತಮ್ಮೊಳಗೇ ಸಾಲ ಕೊಟ್ಟು ವಸೂಲಿ ಮಾಡುವ ಹೆಣ್ಣುಮಕ್ಕಳನ್ನು ನಾವು ದಿನಾ ನೋಡುತ್ತೇವೆ. ಲಾವಣಿದಾರರಿಗೆ, ಕೂಲಿಕಾರರಿಗೆ ಜಂಟಿ ಹೊಣೆಗಾರಿಕೆ ಗುಂಪುಗಳೆಂಬ ವ್ಯವಸ್ಥೆಯೂ ಇದೆ. ನಾಲ್ಕರಿಂದ ಹತ್ತು ಜನ ಕೂಡಿ ಒಬ್ಬರಿಗೊಬ್ಬರು ಜಾಮೀನು ನಿಲ್ಲುವುದು. ಹೊಸದೇನೂ ಅಲ್ಲ ಇದು. ರೈಫೀಸನ್ ಕಂಡುಕೊಂಡ ಗುಟ್ಟೇ, ಕಣಗಿನಹಾಳದ ಗುಟ್ಟೇ. ಉತಾರದ ಬದಲು ಮನುಷ್ಯನ ಮೇಲೆ ನಂಬಿಕೆ.

ಆದ್ದರಿಂದ ಈ ಬೆಳ್ಳಿ ಹಬ್ಬದ ವರ್ಷ ಸರ್ವಸಾಧಾರಣ ಸಭೆಯಲ್ಲಿ ಒಂದು ಠರಾವು ಆಗಲಿ ಎಂದು ನನ್ನ ವಿನಂತಿ. ನಮ್ಮೂರಿನ ಭೂಹೀನ ಮನೆಗಳ ಒಂದು ಪಟ್ಟಿ ಮಾಡೋಣ. ಅವರ ಗುಂಪು ಕಟ್ಟೋಣ. ಸಂಘದ ಲಾಭದಲ್ಲಿ ಒಂದು ಸಣ್ಣ ಪಾಲು ತೆಗೆದಿಟ್ಟು ಅವರ ಸಾಲದ ನಷ್ಟಕ್ಕೆ ಆಸರೆಯಾಗಿ ಇಡೋಣ. ಒಂದಿಬ್ಬರು ಬಾಕಿ ಉಳಿಸಿಯಾರು. ಹೊಲ ಇದ್ದವರೂ ಉಳಿಸಿಲ್ಲವೇ?

2025ನೆಯ ಇಸವಿಯನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಹಕಾರ ವರ್ಷವೆಂದು ಸಾರಿತು. ಆ ವರ್ಷ ಸೂಪೆಯ ಬೆಂಕಿಗೆ ನೂರೈವತ್ತು, ಕಣಗಿನಹಾಳದ ದೀಪಕ್ಕೆ ನೂರಿಪ್ಪತ್ತು, ನಮ್ಮ ಸಂಘಕ್ಕೆ ಇಪ್ಪತ್ತೈದು. ಸಂಘದ ಗೋಡೆಯ ಮೇಲೆ ನಾವೇ ಬರೆಸಿದ ಮಾತಿದೆ, "ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರು" ಎಂದು. ಎಲ್ಲರು ಎಂದರೆ ಉತಾರ ಇದ್ದವರು ಎಂದು ಅಲ್ಲಿ ಬರೆದಿಲ್ಲ.

ಆ ಹೆಣ್ಣುಮಗಳು ಹೋದ ವರ್ಷ ಜಾತ್ರೆಗೆ ಬಂದಿದ್ದಳು. ಮಾತಾಡಿಸಿದೆ. "ಊರಿಗಿ ಬರ್ಬೇಕಂತ ಆಸೆ ಐತ್ರೀ" ಅಂದಳು. ಅವಳು ಬರುವಷ್ಟರಲ್ಲಿ ನಮ್ಮ ಬಾಗಿಲು ತೆರೆದಿರಲಿ. ಆ ದಿನ ಟ್ರಂಕಿನ ಕಾಗದವನ್ನು ತಂದು ಸಂಘದ ಕಚೇರಿಗೆ ಒಪ್ಪಿಸುತ್ತೇನೆ. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರಿ. ಮಕ್ಕಳಿಗೆ ಗೊತ್ತಾಗಲಿ.



— ಸಂಘದ ಒಬ್ಬ ಹಳೆಯ ಸದಸ್ಯ, ನಿವೃತ್ತ ಶಿಕ್ಷಕ